ಕಾಫಿ ಪಕ್ಕದ ಬೀದಿಯಲ್ಲಿರಲಿ

ಪುಸ್ತಕದಂಗಡಿಯೊಳಗೆ ಕೆಫೆ ತೆರೆದರೆ ಗಿರಾಕಿ ತಾನಾಗಿ ಬರುತ್ತಾನೆ ಎಂಬ ಮಾತು ಕೊಚ್ಚಿಯನ್ನು ನೋಡಿ ಬಂದವರಿಗೆ ನಿಜವೆನಿಸುವುದು ಸಹಜ. ಫೋರ್ಟ್ ಕೊಚ್ಚಿಯ ನೀರಂಚಿನಲ್ಲಿರುವ ಪೆಪ್ಪರ್ ಹೌಸ್ ಒಂದು ಕಾಲಕ್ಕೆ ಸರಕು ತುಂಬಿಡುತ್ತಿದ್ದ ಗೋದಾಮು. ಈಗ ಅಲ್ಲಿ ಅಂಗಳವಿದೆ, ಕೆಫೆಯಿದೆ, ಕಲಾಗ್ರಂಥಗಳ ಲೈಬ್ರರಿಯಿದೆ. 2012ರಲ್ಲಿ ಶುರುವಾದ ಕೊಚ್ಚಿ-ಮುಜಿರಿಸ್ ಬಿನಾಲೆ ಎಂಬ ಕಲಾಪ್ರದರ್ಶನದ ತಾಣಗಳಲ್ಲಿ ಅದೂ ಒಂದು. ಆದರೆ ಅಲ್ಲಿಗೆ ಬರುವವರು ಬಿಡುವು ಮಾಡಿಕೊಂಡೇ ಬಂದವರು. ಲೈಬ್ರರಿಯ ಪುಸ್ತಕ ಇರುವುದು ಓದಲಿಕ್ಕೆ, ಮಾರಿ ಬಾಡಿಗೆ ಕಟ್ಟಲಿಕ್ಕಲ್ಲ. ದಿನದ ವ್ಯಾಪಾರ ನಂಬಿದ ಅಂಗಡಿಗೆ ಅದು ಮೇಲ್ಪಂಕ್ತಿಯಾಗಲಾರದು.

ತಿರುವನಂತಪುರ ಹೇಳುವ ಪಾಠವೇ ನನಗೆ ಹೆಚ್ಚು ನಂಬಿಕೆಯದು. ತಂಪಾನೂರು ಬಸ್ ನಿಲ್ದಾಣದ ಪಕ್ಕದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ ಇಂಡಿಯನ್ ಕಾಫಿ ಹೌಸ್ ಇದೆ. ಸುರುಳಿಯಾಗಿ ಮೇಲೇರುವ ಇಟ್ಟಿಗೆ ಗೋಪುರ, ಏರುದಾರಿಯ ಉದ್ದಕ್ಕೂ ಮೇಜುಗಳು. ಪುಸ್ತಕದಂಗಡಿಗಳಿರುವ ಪುಳಿಮೂಡು, ಸ್ಟ್ಯಾಚು ಅಲ್ಲಿಂದ ನಡೆದುಹೋಗುವ ದೂರ. ಕಾಫಿ ಕಾಫಿಯ ಜಾಗದಲ್ಲಿ, ಪುಸ್ತಕ ಪುಸ್ತಕದ ಜಾಗದಲ್ಲಿ. ಕೇರಳದ ಓದುಗ ಹುಟ್ಟಿದ್ದೂ ತಿಂಡಿಯ ಆಸೆಯಿಂದಲ್ಲ. ತಿರುವನಂತಪುರದ ಸಾರ್ವಜನಿಕ ಗ್ರಂಥಾಲಯ 1829ರದು, ಪಿ.ಎನ್. ಪಣಿಕ್ಕರ್ ಅವರ ಗ್ರಂಥಶಾಲಾ ಸಂಘ ಮತ್ತು ಕೋಟ್ಟಯಂನ ಲೇಖಕರ ಸಹಕಾರ ಸಂಘ, ಎರಡೂ 1945ರವು. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲೂ ಇದೇ ಹೊಂದಾಣಿಕೆ: ಬ್ಲಾಸಮ್, ಬುಕ್‌ವರ್ಮ್ ಅಂಗಡಿಗಳು ಪುಸ್ತಕದಿಂದಲೇ ತುಂಬಿವೆ, ಕಾಫಿ ಹೌಸ್ ಅದೇ ಬೀದಿಯಲ್ಲಿದೆ.

ಬಾಡಿಗೆ ಏರಿದೆ, ಆನ್‌ಲೈನ್ ರಿಯಾಯಿತಿಯೆದುರು ಪುಸ್ತಕದ ಲಾಭ ಸಾಲದು, ಕಾಫಿಯ ಲಾಭವೇ ಅಂಗಡಿಯನ್ನು ಉಳಿಸೀತು ಎನ್ನುವವರ ಮಾತು ಹಗುರವಾದದ್ದಲ್ಲ. ಬೆಂಗಳೂರಿನ ಚಂಪಕ ಪುಸ್ತಕದಂಗಡಿ ಕೆಫೆಯೊಂದಿಗೇ ಹೆಸರು ಮಾಡಿದೆ. ಆದರೆ ಅದರ ಹೆಸರಿಗೆ ಕಾರಣ ಅಲ್ಲಿನ ಪುಸ್ತಕಗಳ ಆಯ್ಕೆ ಎಂದೇ ನನ್ನ ಎಣಿಕೆ. ಅಮೆರಿಕದ ಬಾರ್ಡರ್ಸ್ ಪುಸ್ತಕ ಮಳಿಗೆಗಳಲ್ಲಿ ಕೆಫೆಗಳಿದ್ದವು. 2011ರಲ್ಲಿ ಅವೆಲ್ಲ ಬಾಗಿಲು ಹಾಕಿದವು. ಬಾರ್ನ್ಸ್ ಅಂಡ್ ನೋಬಲ್‌ನಲ್ಲೂ ಕೆಫೆಗಳಿದ್ದವು, ಅದೂ ಸೊರಗಿತ್ತು. ಚೇತರಿಸಿಕೊಂಡದ್ದು 2019ರ ನಂತರ, ಯಾವ ಪುಸ್ತಕ ಇಡಬೇಕೆಂಬ ನಿರ್ಧಾರವನ್ನು ಅದರ ಹೊಸ ಮುಖ್ಯಸ್ಥ ಜೇಮ್ಸ್ ಡಾಂಟ್ ಆಯಾ ಅಂಗಡಿಯವರಿಗೇ ಬಿಟ್ಟುಕೊಟ್ಟ ಮೇಲೆ. ನಮ್ಮಲ್ಲಿ ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಹೋಟೆಲಿಗೆ ಇದೆ. ಅಂದರೆ ಬೇರೆ ಲೆಕ್ಕ, ಬೇರೆ ಪರವಾನಗಿ, ಅಡುಗೆಯವರು, ನೀರು, ಚರಂಡಿ. ಮಳೆಗಾಲದಲ್ಲಿ ಮೊದಲೇ ಬೂಷ್ಟು ಹಿಡಿಯುವ ಕೇರಳದ ಕಪಾಟಿಗೆ ಅಡುಗೆಮನೆಯ ಹಬೆ ಬೇರೆ. ಮೇಜು ಹಾಕಿದಷ್ಟೂ ಕಪಾಟು ಕಡಿಮೆಯಾಗುತ್ತದೆ, ಮೊದಲು ಹೊರಗೆ ಹೋಗುವುದು ನಿಧಾನವಾಗಿ ಮಾರಾಟವಾಗುವ ಕವಿತೆ, ವಿಮರ್ಶೆ. ಅಂಥ ಪುಸ್ತಕ ಸಿಗುತ್ತದೆಂದೇ ಬರುತ್ತಿದ್ದ ಓದುಗ ಆಮೇಲೆ ಬರುವುದಿಲ್ಲ.

ಕೆಫೆಗೆ ಹಾಕಲು ಹಣವಿರುವ ಅಂಗಡಿಯವರಲ್ಲಿ ನನ್ನ ವಿನಂತಿ: ಆ ಹಣದಲ್ಲಿ ನಾಲ್ಕು ಕುರ್ಚಿ ಹಾಕಿ, ಪುಸ್ತಕ ಬಲ್ಲ ಒಬ್ಬ ಸಹಾಯಕರಿಗೆ ಒಳ್ಳೆಯ ಸಂಬಳ ಕೊಡಿ.