ಬಗೆಹರಿಯದ ಕೊಲೆ: ‘ಹಾಮಿಸೈಡ್’ ನಾಟಕಮಾಲೆಯ ಕೆಲವು ಕಂತುಗಳು

ಪತ್ತೇದಾರಿ ಕಥೆಯನ್ನು ಓದುವವನು ಲೇಖಕನೊಡನೆ ಒಂದು ಕರಾರನ್ನು ಮಾಡಿಕೊಂಡೇ ಪುಸ್ತಕವನ್ನು ತೆರೆಯುತ್ತಾನೆ. ಮೊದಲ ಪ್ರಕರಣದಲ್ಲಿ ಹೆಣ ಬೀಳಬೇಕು. ಕಡೆಯ ಪ್ರಕರಣದಲ್ಲಿ ಕೊಲೆಗಾರನು ಸಿಕ್ಕಬೇಕು. ನಡುವೆ ಎಷ್ಟು ಅಡ್ಡದಾರಿಗಳಲ್ಲಿ ಅಲೆಯಿಸಿದರೂ ಅದು ವಿನೋದವೇ. ಈ ಕರಾರನ್ನು ತಿಳಿದೂ ತಿಳಿದೂ ಮುರಿದ ಒಂದು ದೂರದರ್ಶನ ನಾಟಕಮಾಲೆಯ ವಿಷಯವಾಗಿ ಇಲ್ಲಿ ಕೆಲವು ಮಾತುಗಳನ್ನು ಬರೆಯಬೇಕೆಂದಿದ್ದೇನೆ. ಅಮೆರಿಕದ ಎನ್‌ಬಿಸಿ ಸಂಸ್ಥೆಯವರು 1993ರಿಂದ 1999ರ ವರೆಗೆ ಪ್ರಸಾರಮಾಡಿದ ‘ಹಾಮಿಸೈಡ್: ಲೈಫ್ ಆನ್ ದ ಸ್ಟ್ರೀಟ್’ ಎಂಬುದೇ ಅದು. ಬಾಲ್ಟಿಮೋರ್ ನಗರದ ಪೊಲೀಸು ಇಲಾಖೆಯಲ್ಲಿ ಕೊಲೆಗಳನ್ನು ಮಾತ್ರ ವಿಚಾರಿಸುವ ಪತ್ತೇದಾರರ ಬಾಳು ಅದರ ವಸ್ತು. ಒಟ್ಟು 122 ಕಂತುಗಳು. ಎಲ್ಲವೂ ಒಂದೇ ಮಟ್ಟದವಲ್ಲ. ಎಲ್ಲವನ್ನೂ ಇಲ್ಲಿ ಎತ್ತಿಕೊಳ್ಳುವುದು ಆಗುವ ಮಾತೂ ಅಲ್ಲ.

ಇದರ ಹಿಂದೆ ಒಂದು ಪುಸ್ತಕವಿದೆ. ‘ಬಾಲ್ಟಿಮೋರ್ ಸನ್’ ಪತ್ರಿಕೆಯ ವರದಿಗಾರರಾಗಿದ್ದ ಡೇವಿಡ್ ಸೈಮನ್ ಅವರು 1988ರಲ್ಲಿ ವರ್ಷಪರ್ಯಂತ ಪತ್ತೇದಾರರ ಜೊತೆಯಲ್ಲಿಯೇ ಇದ್ದು, ಕಂಡುದನ್ನೆಲ್ಲ 1991ರಲ್ಲಿ ಪ್ರಕಟಿಸಿದರು. ಅದರಲ್ಲಿ ಒಬ್ಬ ಬಾಲಿಕೆಯ ಕೊಲೆಯ ವೃತ್ತಾಂತವಿದೆ. ಕೊಂದವರು ಯಾರೆಂಬುದು ಸ್ಥಿರಪಡಲೇ ಇಲ್ಲ. ನಾಟಕವನ್ನು ಬರೆದವರು ಹುಡುಗಿಯ ಹೆಸರನ್ನು ಬದಲಾಯಿಸಿದರು. ಆದರೆ ಸಿಕ್ಕದಿದ್ದ ಉತ್ತರವನ್ನು ಕಲ್ಪಿಸಿಕೊಡಲು ಹೋಗಲಿಲ್ಲ. ಅವರ ದೊಡ್ಡತನವೆಲ್ಲ ಈ ಸಂಯಮದಲ್ಲಿದೆಯೆಂದು ನನ್ನ ಅಭಿಪ್ರಾಯ.

ಐದನೆಯ ಕಂತಾದ ‘ಥ್ರೀ ಮೆನ್ ಅಂಡ್ ಅಡೀನಾ’ ಎಂಬುದು 1993ರ ಮಾರ್ಚಿಯಲ್ಲಿ ಪ್ರಸಾರವಾಯಿತು. ರಚಿಸಿದವರು ಟಾಮ್ ಫಾಂಟಾನಾ. ನಿರ್ದೇಶಿಸಿದವರು ಮಾರ್ಟಿನ್ ಕ್ಯಾಂಬೆಲ್. ಹನ್ನೊಂದು ವರ್ಷದ ಅಡೀನಾ ವಾಟ್ಸನ್ ಕೊಲೆಯಾಗಿದ್ದಾಳೆ. ಶಂಕೆಯೆಲ್ಲ ರಿಸ್ಲಿ ಟಕರ್ ಎಂಬ ಮುದುಕನ ಮೇಲೆ. ಅವನು ಕುದುರೆಗಾಡಿಯಲ್ಲಿ ಹಣ್ಣು ತರಕಾರಿಗಳನ್ನು ಹೇರಿಕೊಂಡು ಬೀದಿಬೀದಿಯಲ್ಲಿ ಮಾರುವವನು; ಬಾಲ್ಟಿಮೋರಿನಲ್ಲಿ ಇಂಥವರಿಗೆ ‘ಅರಾಬರ್’ ಎಂದು ಹೆಸರು. ನ್ಯಾಯಸ್ಥಾನದಲ್ಲಿ ನಿಲ್ಲುವಂಥ ಸಾಕ್ಷ್ಯ ಯಾವುದೂ ಇಲ್ಲ. ಪತ್ತೇದಾರರಿಗೆ ಉಳಿದಿರುವುದು ಹನ್ನೆರಡು ಗಂಟೆಯ ಕಾಲ. ಅಷ್ಟರೊಳಗೆ ಅವನು ಒಪ್ಪಿಕೊಳ್ಳಬೇಕು, ಇಲ್ಲವಾದರೆ ಇವರು ಅವನನ್ನು ಬಿಟ್ಟುಬಿಡಬೇಕು. ಒಂದು ಇಕ್ಕಟ್ಟಾದ ಕೋಣೆ, ಒಂದು ಮೇಜು, ಮೂವರು ಗಂಡಸರು. ಹೆಚ್ಚುಕಡಮೆ ಇಡೀ ಕಂತು ಇಷ್ಟರಲ್ಲಿಯೇ ನಡೆದುಹೋಗುತ್ತದೆ.

ಪ್ರಶ್ನಿಸುವ ಇಬ್ಬರಲ್ಲಿ ಬೇಲಿಸ್ ಹೊಸಬ. ಈ ಇಲಾಖೆಗೆ ಬಂದಮೇಲೆ ಅವನ ಪಾಲಿಗೆ ಬಂದ ಮೊದಲ ಕೊಲೆಯೇ ಇದು. ಅಪರಾಧಿ ಟಕರನೇ ಎಂದು ಅವನು ಮೊದಲೇ ನಿಶ್ಚಯಿಸಿಕೊಂಡಿದ್ದಾನೆ. ಪೆಂಬಲ್ಟನ್ ನುರಿತವನು. ಬೇಡದ ಸರಕನ್ನು ಗಿರಾಕಿಗೆ ಒಪ್ಪಿಸುವ ವ್ಯಾಪಾರಿಯಂತೆ, ಸೆರೆಮನೆಯನ್ನು ಕೈದಿಗೆ ಮಾರುವುದೇ ವಿಚಾರಣೆ ಎಂಬುದು ಅವನ ಮತ. ಸ್ನೇಹ, ಗದರಿಕೆ, ವಿಜ್ಞಾನದ ಬೆದರಿಕೆ, ದೇವರ ಮಾತು, ಎಲ್ಲವನ್ನೂ ಸರದಿಯ ಮೇಲೆ ಹೂಡುತ್ತಾರೆ. ಒಮ್ಮೆ ಬೇಲಿಸನ ಕೈಯೂ ಮೀರಿಹೋಗುತ್ತದೆ. ಮುದುಕನು ಕುಗ್ಗುತ್ತಾನೆ, ಮುರಿಯುವುದಿಲ್ಲ. ಬರಬರುತ್ತ ಅವನೇ ತಿರುಗಿಬೀಳುತ್ತಾನೆ. ತನ್ನಂತೆಯೇ ಕರಿಯ ಜನಾಂಗದವನಾದ ಪೆಂಬಲ್ಟನ್ನನಿಗೆ, ಬಡ ಸ್ವಜನರ ಮೇಲೆ ನಿನಗೆ ಎಷ್ಟು ತಿರಸ್ಕಾರವಿದೆಯೆಂದು ತೋರಿಸಿಕೊಡುತ್ತಾನೆ. ಬೇಲಿಸನೊಳಗಿನ ಕತ್ತಲೆಯನ್ನೂ ಬಿಡದೆ ಮುಟ್ಟುತ್ತಾನೆ. ಕಟ್ಟಕಡೆಗೆ ಒಂದು ತಪ್ಪೊಪ್ಪಿಗೆ ಬರುವುದೂ ನಿಜ; ಆದರೆ ಅದು ಅವರು ಕೇಳಿದ್ದಲ್ಲ. ಆ ಹುಡುಗಿಯ ಮೇಲೆ ತನಗಿದ್ದ ಪ್ರೀತಿ ಸಲ್ಲದ ಪ್ರೀತಿಯೆಂದು ಒಪ್ಪಿಕೊಳ್ಳುತ್ತಾನೆ; ಕೊಂದೆನೆಂದು ಹೇಳುವುದಿಲ್ಲ. ಹೊರಗೆ ಬಂದಾಗ, ಮೊದಲು ಸಂದೇಹದಲ್ಲಿದ್ದ ಪೆಂಬಲ್ಟನ್ನನಿಗೆ ಇವನೇ ಕೊಲೆಗಾರನೆಂಬ ನಂಬಿಕೆ ಹುಟ್ಟಿದೆ. ನಂಬಿದ್ದ ಬೇಲಿಸನಿಗೆ ಸಂದೇಹ ಹುಟ್ಟಿದೆ.

ನಮ್ಮ ಲಾಕ್ಷಣಿಕರು ನಾಟಕಕ್ಕೆ ಐದು ಸಂಧಿಗಳನ್ನು ಹೇಳಿದ್ದಾರೆ. ಈ ಕಂತಿನಲ್ಲಿ ವಿಮರ್ಶಸಂಧಿಯ ವರೆಗೆ ಎಲ್ಲವೂ ಸಾಂಗವಾಗಿದೆ, ನಿರ್ವಹಣವೊಂದೇ ಇಲ್ಲ. ಇದನ್ನು ನನ್ನೊಡನೆ ನೋಡಿದ ಮಿತ್ರರೊಬ್ಬರು, “ಇದು ಅರ್ಧಕ್ಕೆ ಬಿಟ್ಟ ಕಥೆ” ಎಂದು ಬೇಸರಪಟ್ಟರು. ಅವರ ಬೇಸರ ನ್ಯಾಯವಾದುದೇ. ಆದರೆ ಆ ಬೇಸರವೇ ನಾಟಕದ ಗುರಿಯೆಂದು ನನಗೆ ತೋರುತ್ತದೆ. ಹನ್ನೆರಡು ಗಂಟೆ ಕಳೆಯುತ್ತ ಬಂದಂತೆ ನಾವೂ ಆ ಕೋಣೆಯಲ್ಲಿ ನಾಲ್ಕನೆಯವರಾಗಿ ಕುಳಿತು, ಮುದುಕನು ಒಪ್ಪಿಕೊಳ್ಳಲಿ ಎಂದು ಹಾರೈಸಲಾರಂಭಿಸುತ್ತೇವೆ. ಸತ್ಯ ತಿಳಿಯಲಿ ಎಂದಲ್ಲ; ಕಥೆ ಮುಗಿಯಲಿ ಎಂದು. ನಿರಪರಾಧಿಯಾಗಿರಬಹುದಾದ ಒಬ್ಬ ಮನುಷ್ಯನನ್ನು ಹಿಂಡಿದುದು ನಮಗೆ ಸಾಲದೆ ಬಂದಿತು! ಮಿಕ್ಕ ಪೊಲೀಸು ನಾಟಕಗಳು ನಮ್ಮ ಈ ಆಸೆಯನ್ನು ತಣಿಸಿ ಮಲಗಿಸುತ್ತವೆ. ಇದು ಅದನ್ನು ನಮ್ಮ ಕಣ್ಣೆದುರಿಗೆ ಹಿಡಿಯುತ್ತದೆ. ಟಕರನ ಪಾತ್ರವನ್ನು ವಹಿಸಿದ ಮೋಸಸ್ ಗನ್ ಅವರು ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಇಂಥ ಅಭಿನಯವನ್ನು ಕಿರುತೆರೆಯಲ್ಲಿ ನಾನು ಹೆಚ್ಚಾಗಿ ಕಂಡಿಲ್ಲ. ಬರವಣಿಗೆಗಾಗಿ ಫಾಂಟಾನಾ ಅವರಿಗೆ ಎಮ್ಮಿ ಬಹುಮಾನ ಬಂದುದು ಸರಿಯಾಗಿಯೇ ಇದೆ.

1994ರ ಜನವರಿಯ ‘ಬಾಪ್ ಗನ್’ ಕಂತಿನಲ್ಲಿ ಹಾಸ್ಯನಟರೆಂದು ಹೆಸರಾದ ರಾಬಿನ್ ವಿಲಿಯಮ್ಸ್ ಅವರು ಹೆಂಡತಿಯ ಕೊಲೆಯನ್ನು ಕಣ್ಣಾರೆ ಕಂಡ ಪ್ರವಾಸಿಯಾಗಿದ್ದಾರೆ. ಈ ಕೊಲೆಯಿಂದ ದೊರೆಯುವ ಹೆಚ್ಚು ಹೊತ್ತಿನ ಕೂಲಿಯ ವಿಷಯವಾಗಿ ಪತ್ತೇದಾರನೊಬ್ಬನು ತಮಾಷೆಯಾಡಿದ್ದು ಅವರ ಕಿವಿಗೆ ಬೀಳುವ ಒಂದು ಸನ್ನಿವೇಶಕ್ಕಾಗಿಯಾದರೂ ಅದನ್ನು ನೋಡಬೇಕು. ಮಿಕ್ಕ ಭಾಗ ಸಾಧಾರಣ.

1997ರ ಡಿಸೆಂಬರಿನ ‘ಸಬ್‌ವೇ’ ಬೇರೆಯೇ ತೂಕದ್ದು. ಒಬ್ಬನು ನೆಲದಡಿಯ ರೈಲಿಗೂ ನಿಲ್ದಾಣದ ಕಟ್ಟೆಗೂ ನಡುವೆ ಸಿಕ್ಕಿಬಿದ್ದಿದ್ದಾನೆ. ಮಾತು ಸ್ಪಷ್ಟವಾಗಿದೆ, ಕೋಪವಿದೆ, ಹಾಸ್ಯವೂ ಇದೆ. ಆದರೆ ಗಾಡಿಯನ್ನು ಸರಿಸಿದೊಡನೆ ಪ್ರಾಣ ಹೋಗುವುದು ನಿಶ್ಚಯ. ಕೊಲೆಯಾದವನೊಡನೆ ಪತ್ತೇದಾರನು ಮಾತನಾಡಬೇಕಾಗಿ ಬಂದ ವಿಚಿತ್ರ ಪ್ರಸಂಗವಿದು. ಇಲ್ಲಿ ಪೆಂಬಲ್ಟನ್ನನ ವ್ಯಾಪಾರಕ್ಕೆ ಸರಕಿಲ್ಲ, ಸುಮ್ಮನೆ ಜೊತೆಯಲ್ಲಿರಬೇಕು. ಸಾಯುತ್ತಿರುವವನ ಪ್ರೇಯಸಿಯನ್ನು ಹುಡುಕಲು ಹೋದವರಿಗೆ ಅವಳು ಸಿಕ್ಕುವುದಿಲ್ಲ. ಕಡೆಯಲ್ಲಿ ಅವಳು ಏನನ್ನೂ ಅರಿಯದೆ ಆ ನಿಲ್ದಾಣದ ಮುಂದೆಯೇ ಓಡಿಕೊಂಡು ಹೋಗುತ್ತಾಳೆ. ಇದು ತುಸು ಹೆಚ್ಚಾಯಿತೆಂದು ಹೇಳುವವರಿದ್ದಾರೆ. ನನಗೆ ಹಾಗೆನ್ನಿಸಲಿಲ್ಲ, ಕರುಣರಸ ಅಲ್ಲಿ ಒಂದು ಮಾತೂ ಇಲ್ಲದೆ ತುಂಬಿನಿಂತಿದೆ.

ದೋಷಗಳನ್ನೂ ಹೇಳದೆ ವಿಧಿಯಿಲ್ಲ. ಕೈಯಲ್ಲಿ ಹಿಡಿದ ಕ್ಯಾಮೆರಾದ ಅಲುಗಾಟ, ಒಂದೇ ನೋಟವನ್ನು ಮತ್ತೆ ಮತ್ತೆ ಕತ್ತರಿಸಿ ಜೋಡಿಸುವ ಚಪಲ, ಮೊದಮೊದಲು ಹೊಸದೆನಿಸಿದರೂ ಕೆಲವು ಕಂತುಗಳಲ್ಲಿ ಕಣ್ಣಿಗೆ ಆಯಾಸ. ಆರನೆಯ ಋತುವಿನ ಕೊನೆಯಲ್ಲಿ ಪೆಂಬಲ್ಟನ್ ಹೊರಟುಹೋದಮೇಲೆ ಮಾಲೆಯ ಬೆನ್ನೆಲುಬೇ ಹೋಯಿತು. ಆ ಪಾತ್ರದ ಆಂಡ್ರೆ ಬ್ರಾಗರ್ 2023ರಲ್ಲಿ ನಿಧನರಾದರು. ಅವರಿಲ್ಲದ ಏಳನೆಯ ಋತುವನ್ನು ನೋಡಿದವರಿಗೆ ಅವರ ಬೆಲೆ ತಿಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ದೋಷ, ಮುಗಿತಾಯದ ಆಸೆಗೆ ಇವರೂ ಕಡೆಗೆ ಸೋತುದು. 2000ದಲ್ಲಿ ಬಂದ ಚಿತ್ರದಲ್ಲಿ ಬೇಲಿಸ್ ತಾನೇ ಕೊಲೆಗಾರನಾಗಿ, ಪೆಂಬಲ್ಟನ್ನನ ಮುಂದೆ ತಪ್ಪೊಪ್ಪಿಕೊಳ್ಳುತ್ತಾನೆ. ಟಕರನಿಂದ ಬರದ ಮಾತನ್ನು ಪ್ರಶ್ನಿಸಿದವನ ಬಾಯಿಂದಲೇ ಹೊರಡಿಸಿದುದು ಜಾಣತನವೇ ಸರಿ. ಆದರೆ ಠಾಣೆಯ ಬಿಳಿಯ ಹಲಗೆಯ ಮೇಲೆ, ಬಗೆಹರಿದ ಕೊಲೆಗಳ ಕಪ್ಪಕ್ಷರಗಳ ನಡುವೆ, ಕೆಂಪಕ್ಷರದಲ್ಲಿ ಉಳಿದ ಅಡೀನಾಳ ಹೆಸರಿಗೆ ಈ ಜಾಣತನ ಬೇಕಾಗಿರಲಿಲ್ಲ. ಮಾಲೆಯನ್ನು ಹೊಸದಾಗಿ ನೋಡುವವರು ಆ ಚಿತ್ರವನ್ನು ಬಿಟ್ಟರೂ ನಷ್ಟವಿಲ್ಲ. ಐದನೆಯ ಕಂತನ್ನು ಮಾತ್ರ ಎರಡು ಸಲ ನೋಡಬೇಕು.