ಶೇಕಡ 99 ನಿಖರತೆ, ಯಾವ ಪರೀಕ್ಷೆಯಲ್ಲಿ?
ಕೃಷಿ ಅರ್ಥಶಾಸ್ತ್ರದಲ್ಲಿ ಯಂತ್ರ ಕಲಿಕೆ: ಒಂದು ವಿಮರ್ಶೆ

ಕೃಷಿ ಅರ್ಥಶಾಸ್ತ್ರದ ಸಂಶೋಧನಾ ಪತ್ರಿಕೆಗಳನ್ನು ಈಚೆಗೆ ತಿರುವಿ ಹಾಕಿದವರಿಗೆ ಒಂದು ಬದಲಾವಣೆ ಕಾಣದೆ ಇರದು. ಒಂದು ಕಾಲಕ್ಕೆ ಬೇಡಿಕೆ–ಪೂರೈಕೆಯ ಸಮೀಕರಣಗಳಿದ್ದ ಕಡೆ ಈಗ ಯಂತ್ರ ಕಲಿಕೆಯ, ಅಂದರೆ ಮಷೀನ್ ಲರ್ನಿಂಗ್‌ನ, ಮಾದರಿಗಳು ಬಂದು ಕುಳಿತಿವೆ. ಈರುಳ್ಳಿಯ ಬೆಲೆ ಮುಂದಿನ ವಾರ ಎಷ್ಟಿರುತ್ತದೆ, ಎಲೆಯ ಮೇಲಿನ ಚುಕ್ಕೆ ಯಾವ ರೋಗದ್ದು ಎಂಬ ಪ್ರಶ್ನೆಗಳಿಗೆ ಗಣಕ ಉತ್ತರ ಕೊಡುತ್ತದೆ. ಬಹುಪಾಲು ಪ್ರಬಂಧಗಳು ನಿಖರತೆಯ ಒಂದು ದೊಡ್ಡ ಅಂಕಿಯೊಂದಿಗೆ ಮುಗಿಯುತ್ತವೆ. ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಅಳತೆಯೊಂದನ್ನು ಒಪ್ಪುವ ಮೊದಲು ಉಪಕರಣವನ್ನು ಹೇಗೆ ಪರೀಕ್ಷಿಸಿದಿರಿ ಎಂದು ಕೇಳುವುದು ವಾಡಿಕೆ. ಅದೇ ಪ್ರಶ್ನೆಯನ್ನು ಇಲ್ಲಿಯೂ ಕೇಳೋಣ.

ಕಲಿಯದೆಯೂ ಸಿಗುವ ನಿಖರತೆ

ಮೊದಲು ಒಂದು ಸರಳ ಲೆಕ್ಕ. ಒಂದು ಮಾರುಕಟ್ಟೆಯಲ್ಲಿ ಐದು ದಿನ ಕ್ವಿಂಟಲ್ ಈರುಳ್ಳಿಗೆ 2000, 2040, 2010, 2030, 2000 ರೂಪಾಯಿ ಬೆಲೆ ಇತ್ತೆಂದು ಇಟ್ಟುಕೊಳ್ಳಿ. ಇವು ಲೆಕ್ಕಕ್ಕಾಗಿ ಊಹಿಸಿದ ಅಂಕಿಗಳು. ‘ಇಂದಿನ ಬೆಲೆಯೇ ನಾಳೆಯ ಬೆಲೆ’ ಎಂಬುದಷ್ಟೇ ನಮ್ಮ ಮುನ್ಸೂಚನೆ. ದೋಷಗಳು ಕ್ರಮವಾಗಿ 40, 30, 20, 30 ರೂಪಾಯಿ, ಸರಾಸರಿ 30. ಅಂದರೆ ಸುಮಾರು ಶೇ. 1.5 ದೋಷ. ಇದನ್ನೇ ‘ಶೇ. 98.5 ನಿಖರತೆ’ ಎಂದು ಬರೆದರೆ ಓದುಗ ತಲೆದೂಗುತ್ತಾನೆ. ಗಣಕವನ್ನೇ ಬಳಸಿಲ್ಲ, ಏನನ್ನೂ ಕಲಿತಿಲ್ಲ. ಆದ್ದರಿಂದ ಬೆಲೆ ಮುನ್ಸೂಚನೆಯ ಪ್ರಬಂಧದಲ್ಲಿ ಈ ಸೋಮಾರಿ ನಿಯಮದೊಂದಿಗೆ ಹೋಲಿಕೆ ಇಲ್ಲದಿದ್ದರೆ, ಅದರ ನಿಖರತೆಯ ಅಂಕಿಗೆ ಅರ್ಥವಿಲ್ಲ.

ಎಲೆಯೋ, ಹಿನ್ನೆಲೆಯೋ?

ಸಸ್ಯರೋಗದ ಒಂದು ಪ್ರಸಿದ್ಧ ಉದಾಹರಣೆ ನೋಡಿ. 2016ರಲ್ಲಿ ಮೊಹಾಂತಿ, ಹ್ಯೂಸ್ ಮತ್ತು ಸಲಾಥೆ ಅವರು ‘ಪ್ಲಾಂಟ್‌ವಿಲೇಜ್’ ಸಂಗ್ರಹದ 54,306 ಎಲೆಚಿತ್ರಗಳಿಂದ ಗಣಕಕ್ಕೆ ರೋಗಗಳನ್ನು ಗುರುತಿಸಲು ಕಲಿಸಿದರು. ಬೆಳೆಗಳು 14, ಬೆಳೆ–ರೋಗದ ವರ್ಗಗಳು 38. ಅದೇ ಸಂಗ್ರಹದಲ್ಲಿ ತೆಗೆದಿರಿಸಿದ್ದ ಚಿತ್ರಗಳ ಮೇಲೆ ನಿಖರತೆ ಶೇ. 99.35. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಶೇ. 31ರ ಆಸುಪಾಸಿಗೆ ಇಳಿಯಿತು. ಇದನ್ನು ಲೇಖಕರೇ ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ಅದನ್ನು ಉಲ್ಲೇಖಿಸುವವರಿಗೆ ಮಾತ್ರ ಮೊದಲ ಅಂಕಿಯೇ ಹೆಚ್ಚು ಪ್ರಿಯವಾಗಿದೆ.

ಇಳಿಕೆಗೆ ಒಂದು ಕಾರಣದ ಸುಳಿವು 2022ರಲ್ಲಿ ಸಿಕ್ಕಿತು. ನೋಯಾನ್ ಎಂಬ ಸಂಶೋಧಕರು ಎಲೆಯನ್ನು ಬಿಟ್ಟು, ಚಿತ್ರದ ಹಿನ್ನೆಲೆಯಿಂದ ಬರೀ 8 ಪಿಕ್ಸೆಲ್‌ಗಳನ್ನು ಗಣಕಕ್ಕೆ ಕೊಟ್ಟರು. ಕಣ್ಣುಮುಚ್ಚಿ ಊಹಿಸಿದರೆ 38ರಲ್ಲಿ ಒಂದು, ಅಂದರೆ ಶೇ. 2.6 ಸರಿಯಾಗಬೇಕು. ಆದರೆ ಶೇ. 49 ಉತ್ತರ ಸರಿಬಂದವು! ರೋಗದ ಗುರುತು ಹಿನ್ನೆಲೆಯಲ್ಲೇ ಸೋರಿಹೋಗಿತ್ತು. ಹೊಲದಲ್ಲಿ ಅಂಥ ಹಿನ್ನೆಲೆ ಎಲ್ಲಿಂದ ಬರಬೇಕು?

ವರ್ಚುವಲ್ ರಿಯಾಲಿಟಿ ಎಂಬ ಮಿಥ್ಯಾವಾಸ್ತವದ ಪ್ರಯೋಗಗಳಿಗೂ ಈ ಎಚ್ಚರ ಬೇಕು. ಫಿಯೋರೆ, ಹ್ಯಾರಿಸನ್ ಮತ್ತು ಸಂಗಡಿಗರು 2009ರಲ್ಲಿ ಕಾಡ್ಗಿಚ್ಚಿನ ಮಿಥ್ಯಾದೃಶ್ಯ ತೋರಿಸಿ ಜನ ಅಪಾಯವನ್ನು ಹೇಗೆ ಅಂದಾಜು ಮಾಡುತ್ತಾರೆಂದು ಅಳೆದರು. ಅದು ಉಪಯುಕ್ತ ವಿಧಾನವೇ ಸರಿ. ಆದರೆ ಬರಗಾಲದ ಮಿಥ್ಯಾದೃಶ್ಯ ನೋಡಿ ಬೆಳೆವಿಮೆ ಆರಿಸುವವನ ಮುಂದೆ ಸಾಲ ಕೊಟ್ಟವನು ನಿಂತಿರುವುದಿಲ್ಲ. ಆ ಉತ್ತರವನ್ನು ಹೊಲಕ್ಕೆ ಒಯ್ಯುವ ಮೊದಲು ಹೊಲದಲ್ಲೇ ಇನ್ನೊಮ್ಮೆ ಅಳೆಯಬೇಕು.

ದತ್ತಾಂಶಕ್ಕೆ ಕೈ ಹಾಕಿದರೆ?

ಇಷ್ಟರವರೆಗೆ ನಾವು ನೋಡಿದ್ದು ಉದ್ದೇಶವಿಲ್ಲದ ದೋಷ. ಉದ್ದೇಶಪೂರ್ವಕ ದೋಷದ ಅಧ್ಯಯನಕ್ಕೆ ಯಂತ್ರ ಕಲಿಕೆಯ ಸುರಕ್ಷತೆ ಎಂಬ ಬೇರೆಯೇ ಶಾಖೆ ಇದೆ. ಗುಡ್‌ಫೆಲೋ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಉದಾಹರಣೆ ಹೆಸರಾದದ್ದು. ಗಣಕವು ಶೇ. 57.7 ವಿಶ್ವಾಸದಿಂದ ಪಾಂಡಾ ಎಂದು ಗುರುತಿಸಿದ ಚಿತ್ರಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆ ಸೇರಿಸಿದಾಗ, ಶೇ. 99.3 ವಿಶ್ವಾಸದಿಂದ ಅದು ಗಿಬ್ಬನ್ ಎಂದಿತು. ಕಲಿಸುವ ದತ್ತಾಂಶಕ್ಕೇ ವಿಷ ಬೆರೆಸುವ ದಾಳಿಯನ್ನು ಬಿಜಿಯೋ ಮತ್ತಿತರರು 2012ರಲ್ಲೇ ವಿವರಿಸಿದ್ದರು.

ಮಾರುಕಟ್ಟೆಗೆ ಸಂಬಂಧಿಸಿದ್ದು ಈ ಎರಡನೆಯದು. 2000ದಲ್ಲಿ ಆರಂಭವಾದ ಅಗ್‌ಮಾರ್ಕ್‌ನೆಟ್ ಜಾಲಕ್ಕೆ ಮಾರುಕಟ್ಟೆಗಳು ದಿನದ ಕನಿಷ್ಠ, ಗರಿಷ್ಠ ಮತ್ತು ಬಹುಲಕ ಬೆಲೆಗಳನ್ನು ವರದಿ ಮಾಡುತ್ತವೆ. ಬಹುಲಕ ಎಂದರೆ ಹೆಚ್ಚು ವಹಿವಾಟು ನಡೆದ ಬೆಲೆ. ಒಂದು ಊಹೆ ಮಾಡೋಣ: ತಲಾ 100 ಕ್ವಿಂಟಲ್‌ನ ಐದು ಲಾಟುಗಳು 2000 ರೂಪಾಯಿಗೆ ಮಾರಾಟವಾದವು. ಆರನೆಯದು ಎರಡೇ ಕ್ವಿಂಟಲ್. ಯಾರೋ ಬೇಕೆಂದೇ ಅದಕ್ಕೆ 2600 ಕೂಗಿದರು. ಲಾಟುಗಳ ಸರಾಸರಿ 2100ಕ್ಕೆ, ಅಂದರೆ ಶೇ. 5 ಮೇಲಕ್ಕೆ ಜಿಗಿಯುತ್ತದೆ. ತೂಕಕ್ಕೆ ತಕ್ಕಂತೆ ಸರಾಸರಿ ತೆಗೆದರೆ 2002 ರೂಪಾಯಿ ಚಿಲ್ಲರೆ ಮಾತ್ರ. ಬಹುಲಕ ಬೆಲೆ ಅಲುಗುವುದೇ ಇಲ್ಲ. ಗರಿಷ್ಠ ಬೆಲೆ ಮಾತ್ರ ಪೂರಾ ಕೆಟ್ಟುಹೋಗುತ್ತದೆ. ಇಲ್ಲಿ ಸುರಕ್ಷತೆ ನಿರ್ಧಾರವಾಗುವುದು ಮಾದರಿಗೆ ಯಾವ ಅಂಕಿಯನ್ನು ಉಣಿಸುತ್ತೇವೆ ಎಂಬುದರಿಂದ. ಬೆಲೆ ಮುನ್ಸೂಚನೆಯ ಪ್ರಬಂಧ ಓದುವಾಗ ಈ ಆಯ್ಕೆಗೆ ಕಾರಣ ಕೊಟ್ಟಿದ್ದಾರೆಯೇ ನೋಡಿ.

ಸುರಕ್ಷತೆಯ ಸಂಶೋಧಕರನ್ನೂ ಟೀಕಿಸದೆ ಬಿಡುವಂತಿಲ್ಲ. 2018ರಲ್ಲಿ ಅಥಾಲ್ಯೆ, ಕಾರ್ಲಿನಿ ಮತ್ತು ವ್ಯಾಗ್ನರ್ ಅವರು ಅದೇ ವರ್ಷದ ಒಂದು ಪ್ರತಿಷ್ಠಿತ ಸಮ್ಮೇಳನಕ್ಕೆ ಆಯ್ಕೆಯಾಗಿದ್ದ ಒಂಬತ್ತು ರಕ್ಷಣಾ ವಿಧಾನಗಳನ್ನು ಪರಿಶೀಲಿಸಿದರು. ಏಳು ವಿಧಾನಗಳು ಒಂದೇ ಬಗೆಯ ಹುಸಿ ಭದ್ರತೆಯನ್ನು ಆಧರಿಸಿದ್ದವು. ಅವುಗಳಲ್ಲಿ ಆರನ್ನು ಪೂರ್ತಿಯಾಗಿ, ಒಂದನ್ನು ಭಾಗಶಃ ಮುರಿದರು. ಶಾಖೆ ತನ್ನನ್ನು ತಾನೇ ಹೀಗೆ ತಿದ್ದಿಕೊಂಡದ್ದು ಮೆಚ್ಚತಕ್ಕದ್ದು. ಆದರೆ ಅಲ್ಲಿನ ಬಹಳಷ್ಟು ಶ್ರಮ ಪಿಕ್ಸೆಲ್‌ಗಳಿಗೆ ಸಲ್ಲುತ್ತದೆ. ಎರಡು ಕ್ವಿಂಟಲ್‌ನ ಲಾಟು ಅವರ ಕಣ್ಣಿಗೂ ಬಿದ್ದಂತಿಲ್ಲ.

ಮುನ್ಸೂಚನೆಯೇ ಬೆಲೆಯನ್ನು ಬದಲಿಸಿದಾಗ

ಗ್ರಹಣದ ಮುನ್ಸೂಚನೆ ಕೇಳಿ ಚಂದ್ರ ದಾರಿ ಬದಲಿಸುವುದಿಲ್ಲ. ಬೆಲೆಯ ಮುನ್ಸೂಚನೆ ಕೇಳಿ ರೈತ ಬೆಳೆ ಬದಲಿಸುತ್ತಾನೆ. ಬೆಲೆ ಏರಿದಾಗ ಎಲ್ಲರೂ ಬಿತ್ತುವುದು, ಫಸಲು ಬಂದಾಗ ಬೆಲೆ ಕುಸಿಯುವುದು – ಈ ಚಕ್ರಕ್ಕೆ ಕಾಲ್ಡರ್ 1934ರಲ್ಲಿ ‘ಜೇಡರಬಲೆ’ಯ ಹೆಸರಿಟ್ಟರು.

ಕಲಬುರಗಿಯ ತೊಗರಿ ಬೆಳೆಗಾರರಿಗೆ ಇದು ಪುಸ್ತಕದ ಪಾಠವಲ್ಲ. 2015ರಲ್ಲಿ ತೊಗರಿಯ ಬೆಲೆ ಗಗನಕ್ಕೇರಿತ್ತು. 2015–16ರಲ್ಲಿ ಸುಮಾರು 25 ಲಕ್ಷ ಟನ್ ಇದ್ದ ದೇಶದ ಉತ್ಪಾದನೆ 2016–17ರಲ್ಲಿ 48 ಲಕ್ಷ ಟನ್ ದಾಟಿತು. ಬೆಲೆಯು ಕ್ವಿಂಟಲ್‌ಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು.

ಇದರ ಬೆನ್ನಿಗೇ, 2017ರಲ್ಲಿ, ಕರ್ನಾಟಕ ಕೃಷಿ ಬೆಲೆ ಆಯೋಗದೊಂದಿಗೆ ಮೈಕ್ರೋಸಾಫ್ಟ್ ಸಂಸ್ಥೆ ಬೆಲೆ ಮುನ್ಸೂಚನಾ ಮಾದರಿಯೊಂದನ್ನು ಪ್ರಕಟಿಸಿತು. ಮೊದಲ ಬೆಳೆ ತೊಗರಿಯೇ. ಬಿತ್ತನೆಯ ಪ್ರದೇಶ, ಉತ್ಪಾದನೆ, ಹವಾಮಾನ, ಉಪಗ್ರಹ ಚಿತ್ರಗಳು ಅದಕ್ಕೆ ಆಧಾರವೆಂದು ಆಗ ಹೇಳಲಾಯಿತು. ಉದ್ದೇಶ ಒಳ್ಳೆಯದು, ಬಿತ್ತನೆಗೆ ಮುನ್ನ ತಿಳಿದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು. ಆದರೆ ಆ ಪಟ್ಟಿಯನ್ನು ಮತ್ತೊಮ್ಮೆ ಓದಿ. ಅದರಲ್ಲಿ ಮಳೆ ಇದೆ, ಮಣ್ಣಿನ ಮೇಲಿನ ಹಸಿರು ಇದೆ. ಮುನ್ಸೂಚನೆ ಕೇಳಿ ಮನಸ್ಸು ಬದಲಿಸುವ ರೈತ, ಅದನ್ನೇ ನೋಡಿ ದಾಸ್ತಾನು ಮಾಡುವ ವರ್ತಕ ಇಲ್ಲ. ಒಬ್ಬನೇ ಕೇಳಿದರೆ ನಿಜವಾಗುವ ಮುನ್ಸೂಚನೆ ಎಲ್ಲರೂ ಕೇಳಿದಾಗ ಸುಳ್ಳಾಗಬಹುದು. ಹಳೆಯ ದತ್ತಾಂಶದ ಮೇಲೆ ಮಾಡುವ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ.

ಒಳ್ಳೆಯ ಮಾದರಿಯೊಂದು

ಹಾಗಾದರೆ ನಂಬಬಹುದಾದ ಸಂಶೋಧನೆ ಹೇಗಿರುತ್ತದೆ? ನಮ್ಮ ರಾಜ್ಯದ ಎಪಿಎಂಸಿಗಳನ್ನು ಜೋಡಿಸಿದ ‘ಏಕೀಕೃತ ಮಾರುಕಟ್ಟೆ ವೇದಿಕೆ’ 2014ರಲ್ಲಿ ಆರಂಭವಾಯಿತು. ಲೆವಿ, ರಾಜನ್, ಸಿಂಘ್ವಿ ಮತ್ತು ಝೆಂಗ್ 2020ರಲ್ಲಿ ಅದರ ಪರಿಣಾಮವನ್ನು ಅಳೆದು ಪ್ರಕಟಿಸಿದರು. ಭತ್ತದ ಬೆಲೆ ಶೇ. 5.1, ಶೇಂಗಾದ್ದು ಶೇ. 3.6, ಮೆಕ್ಕೆಜೋಳದ್ದು ಶೇ. 3.5 ಏರಿತ್ತು. ಲಾಭ ಕಾಣದ ಬೆಳೆಗಳನ್ನೂ ಅವರು ಮುಚ್ಚಿಡಲಿಲ್ಲ. ಅದಕ್ಕೆ ಇರಬಹುದಾದ ಕಾರಣಗಳನ್ನೂ ವಿವರಿಸಿದರು. ಅಂಕಿಗಳು ಸಣ್ಣವು. ಆದರೂ ವರ್ತಕ ಮತ್ತು ಮಾರುಕಟ್ಟೆಯ ನಡವಳಿಕೆ ಅಲ್ಲಿ ಲೆಕ್ಕಕ್ಕೆ ಬಂದಿವೆ. ಶೇ. 99ಕ್ಕಿಂತ ಇಂಥ ಶೇ. 5 ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಇದಕ್ಕೆ ಬೇಕಾದ ವಿದ್ವತ್ತು ನಮ್ಮಲ್ಲಿ ಇಲ್ಲವೆಂದಲ್ಲ. ನಾನು ವಾಸಿಸುವ ಶ್ರೀಗಂಧದ ಕಾವಲ್‌ಗೆ ನೆರೆಯ ನಾಗರಬಾವಿಯಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಐಸೆಕ್ ಸಂಸ್ಥೆ ಇದೆ. ಕೃಷಿ ಅಭಿವೃದ್ಧಿಯ ಅಧ್ಯಯನಕ್ಕೆ ಅಲ್ಲಿ ಪ್ರತ್ಯೇಕ ಕೇಂದ್ರವೇ ಇದೆ. ನಗರದ ಉತ್ತರಕ್ಕೆ ಜಿಕೆವಿಕೆ. ನಡುವೆ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಯಶವಂತಪುರದ ಎಪಿಎಂಸಿ ಪ್ರಾಂಗಣ. ಅರ್ಥಶಾಸ್ತ್ರಜ್ಞ, ಗಣಕ ವಿಜ್ಞಾನಿ ಮತ್ತು ಲಾಟು – ಮೂರೂ ಒಂದೇ ಊರಿನಲ್ಲಿವೆ. ಇವು ಒಂದೇ ಪ್ರಬಂಧದಲ್ಲಿಯೂ ಭೇಟಿಯಾಗಬೇಕು.

ಅಲ್ಲಿಯವರೆಗೆ, ಇಂಥ ಪ್ರಬಂಧ ನಿಮ್ಮ ಕೈಗೆ ಬಂದಾಗ ವಿದ್ಯಾರ್ಥಿಗಳೊಂದಿಗೆ ನಾಲ್ಕು ಪ್ರಶ್ನೆ ಕೇಳಿ ನೋಡಿ:

1. ಸೋಮಾರಿ ನಿಯಮದೊಂದಿಗೆ ಹೋಲಿಸಿದ್ದಾರೆಯೇ?
2. ಕಲಿಸಿದ ಸಂಗ್ರಹದ ಹೊರಗೆ ಪರೀಕ್ಷಿಸಿದ್ದಾರೆಯೇ?
3. ದತ್ತಾಂಶವನ್ನು ಯಾರು ಬರೆಯುತ್ತಾರೆ, ಅದು ತಪ್ಪಾದರೆ ಯಾರಿಗೆ ಲಾಭ?
4. ಎಲ್ಲರೂ ಈ ಮುನ್ಸೂಚನೆಯಂತೆ ನಡೆದರೆ ಏನಾಗುತ್ತದೆ?

ಇವಕ್ಕೆ ಉನ್ನತ ಗಣಿತ ಬೇಡ. ಮೊದಲನೆಯದನ್ನು ಪಿಯುಸಿ ವಿದ್ಯಾರ್ಥಿಗಳು ಹತ್ತಿರದ ಎಪಿಎಂಸಿಯ ಒಂದು ತಿಂಗಳ ಬೆಲೆಪಟ್ಟಿ ಇಟ್ಟುಕೊಂಡು ತಾವೇ ಲೆಕ್ಕ ಹಾಕಬಹುದು.