ತಂಬಿಗೆ ನೀರು ಮತ್ತು ಪ್ರವಾಸಿ ಕೈಪಿಡಿ

ಉಷ್ಣವಲಯದ ನಾಡುಗಳಿಗೆ ಹೊರಟ ವಿದೇಶಿಯರ ಕೈಪಿಡಿಗಳಲ್ಲಿ ಆರೋಗ್ಯಕ್ಕೊಂದು, ನಡೆನುಡಿಗೊಂದು ಅಧ್ಯಾಯ ತಪ್ಪದೆ ಇರುತ್ತದೆ. ನಲ್ಲಿ ನೀರು ಮುಟ್ಟಬೇಡಿ ಎಂದು ಮೊದಲನೆಯದು, ಆತಿಥ್ಯವನ್ನು ನಿರಾಕರಿಸಬೇಡಿ ಎಂದು ಎರಡನೆಯದು. ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯಂಥ ಊರಿನ ಪಡಸಾಲೆಯಲ್ಲಿ ಈ ಎರಡೂ ಎದುರುಬದುರಾಗುತ್ತವೆ. ಬಂದವರ ಮುಂದೆ ಮೊದಲು ಬರುವುದೇ ತಂಬಿಗೆ ನೀರು, ಜೊತೆಗೊಂದು ಬೆಲ್ಲದ ತುಣುಕು. ಆಗ ಏನು ಮಾಡಬೇಕೆಂದು ಯಾವ ಅಧ್ಯಾಯವೂ ಹೇಳುವುದಿಲ್ಲ.

ಈ ಬರವಣಿಗೆಯ ಬೇರು ವಸಾಹತು ಕಾಲದ್ದು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದಾಗ ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ಯುರೋಪಿನ ವೈದ್ಯರೂ ನಂಬಿದ್ದರು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡದ್ದು 1897ರಲ್ಲಿ. ಅಲ್ಲಿಯವರೆಗೆ ತಲೆಗೆ ಸೋಲಾ ಟೋಪಿ, ಕಾಲರಾ ತಡೆಯಲು ಹೊಟ್ಟೆಗೆ ಫ್ಲಾನೆಲ್ ಪಟ್ಟಿ ಎಂಬ ಸಲಹೆಗಳೇ ಗತಿ. ಕಾರಣ ತಿಳಿಯದ ಕಾಲದಲ್ಲಿ ಬರೀ ನಿಷೇಧ ಹೇರಿದ್ದನ್ನು ಕ್ಷಮಿಸಬಹುದು. ಕಾರಣ ತಿಳಿದ ಮೇಲೂ ಕೈಪಿಡಿಗಳು ಅದೇ ಚಾಳಿ ಬಿಟ್ಟಿಲ್ಲ.

ನೀರಿನ ವಿಷಯವನ್ನೇ ನೋಡಬಹುದು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ದಿನದ 24 ತಾಸೂ ನೀರು ಬರುತ್ತಿದ್ದಾಗ ಉಳಿದ ಕಡೆ ಕೆಲವು ದಿನಗಳಿಗೊಮ್ಮೆ ಬರುತ್ತಿತ್ತು. ಎರಡನ್ನೂ ಹೋಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಬಿಟ್ಟುಬಿಟ್ಟು ಬರುವ ನಲ್ಲಿಗಳ ಮಾದರಿಗಳಲ್ಲಿ ಸುಮಾರು ಮೂರನೇ ಒಂದು ಪಾಲಿನಲ್ಲಿ ಇ-ಕೊಲೈ ಸಿಕ್ಕಿತು. ಸದಾ ಹರಿಯುವ ನಲ್ಲಿಗಳಲ್ಲಿ ಶೇ. 1ಕ್ಕಿಂತ ಕಡಿಮೆ. ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿದು, ಬಿರುಕುಗಳ ಮೂಲಕ ಹೊರಗಿನ ಕೊಳೆ ಒಳಸೇರುತ್ತದೆ. ಮನೆಯಲ್ಲಿ ಹಂಡೆ-ಕೊಡಗಳಲ್ಲಿ ತುಂಬಿಟ್ಟು ಕೈ ಅದ್ದಿ ತೆಗೆದರೆ ಇನ್ನಷ್ಟು ಕೆಡುತ್ತದೆ. ಹಾಗಾಗಿ ನಲ್ಲಿ ನೀರು ಬೇಡವೆಂಬ ಸಲಹೆ ಸರಿಯೇ. ಆದರೆ ದೋಷ ಕೊಳವೆಯದು, ಸಂಗ್ರಹದ್ದು. ಆತಿಥೇಯರ ಶುಚಿತ್ವದ್ದಲ್ಲ ಎಂಬುದನ್ನು ಹೇಳದೆ ಬಿಟ್ಟರೆ ಓದುಗನ ತಲೆಯಲ್ಲಿ ಉಳಿಯುವುದು ಅಸಹ್ಯ ಮಾತ್ರ.

ಕುದಿಸಿದ್ದು, ಬೇಯಿಸಿದ್ದು, ಸಿಪ್ಪೆ ಸುಲಿದದ್ದು ಮಾತ್ರ ತಿನ್ನಿ ಎಂಬ ಹಳೆಯ ಸೂತ್ರವನ್ನು ಈ ಸೀಮೆಯ ತಾಟಿಗೆ ಹೊಂದಿಸಿ ಬರೆದರೆ ಸಲಹೆ ಜೀವಂತವಾಗುತ್ತದೆ. ಜೋಳದ ರೊಟ್ಟಿಯ ಹಿಟ್ಟನ್ನು ಕುದಿಯುವ ಎಸರಿನಲ್ಲಿ ನಾದಿ, ಬಡಿದು, ಕಾದ ಹಂಚಿನ ಮೇಲೆ ಬೇಯಿಸುತ್ತಾರೆ. ಬೆಂಕಿ ಎರಡು ಸಲ ತಾಗುತ್ತದೆ. ಹಂಚಿನಿಂದ ನೇರ ತಾಟಿಗೆ ಬಂದ ರೊಟ್ಟಿ, ಬಿಸಿ ಎಣ್ಣೆಗಾಯಿ, ಒಣ ಶೇಂಗಾ ಚಟ್ನಿ — ಪರದೇಶದವರ ಹೊಟ್ಟೆಗೆ ಇಷ್ಟು ನೆಮ್ಮದಿಯ ಊಟ ಸ್ಟಾರ್ ಹೋಟೆಲಿನ ಬಫೆಯಲ್ಲೂ ಸಿಗಲಿಕ್ಕಿಲ್ಲ. ಎಚ್ಚರ ಬೇಕಾದದ್ದು ಪಕ್ಕದಲ್ಲಿಟ್ಟ ಹಸಿ ಮೆಂತ್ಯೆ ಸೊಪ್ಪು, ಹೆಚ್ಚಿದ ಸೌತೆಕಾಯಿ, ತಣ್ಣೀರು ಬೆರೆಸಿದ ಮಜ್ಜಿಗೆಯ ಬಗ್ಗೆ. ಎಲ್ಲವನ್ನೂ ಒಟ್ಟಾಗಿ ‘ಬೀದಿ ಆಹಾರ, ಹಳ್ಳಿ ಆಹಾರ’ ಎಂದು ಅಂಜಿಸುವ ಕೈಪಿಡಿಗೆ ಈ ವ್ಯತ್ಯಾಸ ಕಾಣದು.

ತಂಬಿಗೆಯ ಇಕ್ಕಟ್ಟಿಗೂ ದಾರಿ ಊರಿನಲ್ಲೇ ಇದೆ. ಬೆಲ್ಲ ಬಾಯಿಗೆ ಹಾಕಿಕೊಂಡು, ‘ನೀರು ಬ್ಯಾಡ್ರಿ, ಚಾ ಕುಡೀತೀನ್ರಿ’ ಎಂದರೆ ಮುಗಿಯಿತು. ಚಹಾ ಕುದ್ದೇ ಬರುತ್ತದೆ, ಮನೆಯವರಿಗೂ ಸಂತೋಷ. ಊಟದಲ್ಲಿ ಮಾತ್ರ ಮೊದಲ ‘ಸಾಕ್ರಿ’ ಸಂಕೋಚವೆಂದೇ ಲೆಕ್ಕ. ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯದೆ ಬಡಿಸುವವರು ನಿಲ್ಲುವುದಿಲ್ಲ. ಎಡಗೈ, ಚಪ್ಪಲಿಗಳ ಬಗೆಗಿನ ಮಾತುಗಳು ಎಲ್ಲ ಕೈಪಿಡಿಗಳಲ್ಲೂ ಇವೆ, ಸರಿಯಾಗಿಯೂ ಇವೆ.

ಅಪಾಯಗಳ ಕ್ರಮದಲ್ಲೂ ತಪ್ಪಿದೆ. ಅಪರೂಪದ ಜ್ವರಗಳಿಗೆ ಪುಟಗಟ್ಟಲೆ ಜಾಗ, ರಸ್ತೆ ಅಪಘಾತಕ್ಕೆ ಒಂದು ಸಾಲು. ಬೀದಿನಾಯಿ ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ರೇಬಿಸ್ ಲಸಿಕೆ ಹಾಕಿಸಬೇಕು. ಊರಿಗೆ ಹೊರಡುವ ಮೊದಲೇ ಲಸಿಕೆ ಪಡೆದಿದ್ದರೂ ಕಚ್ಚಿದ ಮೇಲೆ ಮತ್ತೆ ಹಾಕಿಸಿಕೊಳ್ಳಬೇಕು. ಇದು ಮೊದಲ ಪುಟದಲ್ಲೇ ಇರಬೇಕಾದ ಮಾತು.